ಯಾರ ಪಾಳಿಯ ಪ್ರಶ್ನೆ

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ಮಗು ಬಾಯಿ ಬಿಡದೆ ಗೋಡೆ ನೋಡುತ್ತ ನಿಂತರೆ ಸಾಕು, ತಲೆ ಕೆಟ್ಟು ಹೋಗುತ್ತಿತ್ತು. "ಬರಂಗಿಲ್ಲೇನು? ಕುಂದ್ರು. ಮುಂದಿನವ್ರು!" ಇದು ನನ್ನ ಮಾತು. ನೌಕರಿಯ ಮೊದಲ ವರ್ಷ ದಿನಕ್ಕೆ ಎಷ್ಟು ಸಲ ಹೀಗೆ ಅಂದಿದ್ದೇನೋ, ಆ ದೇವರಿಗೇ ಗೊತ್ತು. ಮಕ್ಕಳು ಮೈದಾನದಲ್ಲಿ ಶಾಲೆ ಆಟ ಆಡುವಾಗ ಟೀಚರ್ ಆದ ಹುಡುಗಿ ಓಢಣಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬೆರಳು ಆಡಿಸಿ, "ಬರಂಗಿಲ್ಲೇನು? ಕುಂದ್ರು!" ಅನ್ನುತ್ತಿದ್ದಳು. ಅದನ್ನು ನೋಡಿ ನಾನೂ ನಕ್ಕಿದ್ದೇನೆ. ಅದರಲ್ಲಿ ನಗಬಾರದ್ದೇನೂ ಆಗ ಕಂಡಿರಲಿಲ್ಲ.

ಶಾಲೆ ಇದ್ದದ್ದು ಸುರಪುರದಿಂದ ದೇವಾಪುರದ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ಸರಿದ ಒಂದು ಊರಿನಲ್ಲಿ. ನಾನು ಸುರಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ದಿನಾ ಬೆಳಿಗ್ಗೆ ಟಂಟಂ ಆಟೋದಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಹೋಗುತ್ತಿದ್ದೆ. ಕಾಲುವೆ ಬಂದು ಆಗಲೇ ಸಾಕಷ್ಟು ವರ್ಷವಾಗಿತ್ತು. ಮೇಲಿನ ಊರುಗಳಲ್ಲಿ ಜೋಳ ಹೋಗಿ ಭತ್ತ ಬಂದಿತ್ತು, ವರ್ಷಕ್ಕೆ ಎರಡು ಬೆಳೆ. ನಮ್ಮ ಊರು ಕಾಲುವೆಯ ಕೊನೆಗೆ. ಮೇಲಿನವರು ಕುಡಿದು ಉಳಿದದ್ದು ನಮಗೆ. ಅದಕ್ಕೇ ಇಲ್ಲಿ ನೀರಿಗೆ ಪಾಳಿ ಹಚ್ಚಿದ್ದರು: ಇಂಥ ದಿನ ಇಂಥವರ ಹೊಲಕ್ಕೆ ಇಷ್ಟು ತಾಸು. ಒಬ್ಬರ ಪಾಳಿಯ ನೀರನ್ನು ಇನ್ನೊಬ್ಬರು ತಮ್ಮ ಹೊಲಕ್ಕೆ ತಿರುಗಿಸಿಕೊಂಡರೆ ಅದು ಕಳ್ಳತನವೇ. ಕಣದಿಂದ ಜೋಳದ ಚೀಲ ಹೊತ್ತುಕೊಂಡು ಹೋದವನನ್ನಾದರೂ ಜನ ಕ್ಷಮಿಸಿಯಾರು, ಪಾಳಿ ಕದ್ದವನನ್ನು ಕ್ಷಮಿಸುತ್ತಿರಲಿಲ್ಲ. ಮೂರು ವರ್ಷದ ಕೂಸಿಗೂ ಪಾಳಿ ಅಂದರೇನು ಅಂತ ಗೊತ್ತಿತ್ತು.

ನಾನು ಬಳಿಚಕ್ರದ ಕಡೆಯವಳು. ಅಪ್ಪ ಅವ್ವ ಇನ್ನೊಬ್ಬರ ಹೊಲದಲ್ಲಿ ದುಡಿದು ನನ್ನನ್ನು ಓದಿಸಿದರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ನನ್ನ ನೇಮಕಾತಿ ಆದೇಶದ ಝೆರಾಕ್ಸು. ಅದಕ್ಕೂ ಅಪ್ಪ ಗಾಜಿನ ಕಟ್ಟು ಹಾಕಿಸಿದ್ದ! ನಮ್ಮ ಇಡೀ ಓಣಿಯಲ್ಲಿ ಸರಕಾರಿ ನೌಕರಿಯ ಮುಖ ಕಂಡ ಮೊದಲ ಹೆಣ್ಣುಮಗಳು ನಾನು. ಊರ ಶಾಲೆಯಲ್ಲಿ ನಾನು ಏಳು ವರ್ಷ ಬಾಗಿಲ ಹತ್ತಿರದ ಹಿಂದಿನ ಸಾಲಿನಲ್ಲಿ ಕೂತೆ. ಅಲ್ಲೇ ಕೂರಬೇಕು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೂ ನಮ್ಮ ಓಣಿಯ ಮಕ್ಕಳೆಲ್ಲ ಅಲ್ಲೇ ಕೂರುತ್ತಿದ್ದೆವು. ಮಾಸ್ತರರು ಬೈದವರಲ್ಲ, ಹೊಡೆದವರಲ್ಲ. ಪ್ರಶ್ನೆ ಮಾತ್ರ ಕೇಳುತ್ತಿರಲಿಲ್ಲ. ಏಳು ವರ್ಷದಲ್ಲಿ ಒಂದೇ ಒಂದು ಪ್ರಶ್ನೆ ನನ್ನ ತನಕ ಬರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕೂತು ಕೂತು, ಕೊನೆಗೆ ಇಟ್ಟುಕೊಳ್ಳುವುದನ್ನೇ ಬಿಟ್ಟೆ. ಟೀಚರ್ ಆದರೆ ಹಿಂದಿನ ಸಾಲಿಗೇ ಮೊದಲು ಪ್ರಶ್ನೆ ಕೇಳುತ್ತೇನೆ ಅಂತ ಆಗ ಹಟ ತೊಟ್ಟಿದ್ದೆ.

ನೌಕರಿ ಸೇರಿದ ಮೇಲೆ ಆ ಹಟ ಎಲ್ಲಿ ಹೋಯಿತೋ! ಐದನೇ ತರಗತಿ ನನಗೆ ಕೊಟ್ಟಿದ್ದರು. ನಾನು ಅರ್ಧ ಮಾತು ಹೇಳಿ ಬಿಡುವುದು, ಮುಂದಿನ ಸಾಲಿನವರು ಉಳಿದರ್ಧ ಕೂಗುವುದು, ಹೀಗೆ ಪಾಠ ನಡೆಯುತ್ತಿತ್ತು. "ಭೂಮಿ ಸೂರ್ಯನ ಸುತ್ತ ತಿರು...?" ಅಂದರೆ "...ಗ್ತದ್ರೀ!" ಅಂತ ಹೆಂಚು ಹಾರುವಂಥ ಕೂಗು. ಕೂಗುತ್ತಿದ್ದವರು ಐದಾರು ಜನ. ಉಳಿದವರು ಬಾಯಿ ಆಡಿಸುತ್ತಿದ್ದರು. ನಾನು ಪಾಠ ಮುಗಿಯಿತು ಅಂತ ಖುಷಿಯಾಗಿ ಹಾಳೆ ತಿರುವುತ್ತಿದ್ದೆ.

ಆ ವರ್ಷ ಶಹಾಪುರದಲ್ಲಿ ನಮಗೊಂದು ತರಬೇತಿ ಆಯಿತು. ಪ್ರಶ್ನೆ ಹೇಗೆ ಕೇಳಬೇಕು ಅನ್ನುವುದೇ ಅದರ ವಿಷಯ. ಊಟಕ್ಕೆ ಉಪ್ಪಿಟ್ಟು ಕೊಟ್ಟು ಪ್ರಶ್ನೆ ಕೇಳುವುದನ್ನು ಕಲಿಸುತ್ತಾರಂತೆ ಅಂತ ನಾವು ಹಿಂದೆ ಕೂತು ಕಿಸಿಕಿಸಿ ನಕ್ಕೆವು. ಕಲಿಸಿದವರು ವಯಸ್ಸಾದ ಒಬ್ಬ ಮಾಸ್ತರರು. ಅವರು ನನ್ನನ್ನೇ ಎಬ್ಬಿಸಿ ಏನೋ ಕೇಳಿದರು. ನನಗೆ ತಟ್ಟನೆ ಹೊಳೆಯಲಿಲ್ಲ. ಅವರು ಸುಮ್ಮನೆ ನಿಂತರು. ಮುಖದಲ್ಲಿ ಅವಸರವಿಲ್ಲ, ಸಿಟ್ಟಿಲ್ಲ. ಆಮೇಲೆ ನನಗೆ ಉತ್ತರ ಹೊಳೆಯಿತು, ಹೇಳಿದೆ. "ನೋಡ್ರಿ, ನಾ ಬರೇ ಮನಸಿನ್ಯಾಗ ಐದು ಎಣಿಸಿದೆ. ನಾವು ಪ್ರಶ್ನಿ ಕೇಳ್ತೀವಿ, ಎರಡು ಎಣಿಸೂದ್ರೊಳಗ ನಾವ ಉತ್ತರ ಹೇಳಿಬಿಡ್ತೀವಿ. ಸುಮ್ಮ ನಿಂತ ಕೂಸಿಗಿ ಬರಂಗಿಲ್ಲ ಅಂತ ತಿಳಕೊಬ್ಯಾಡ್ರಿ. ಅದು ವಿಚಾರ ಮಾಡಾಕತ್ತಿರ್ತದ" ಅಂದರು.

ಮರಳಿ ಬಂದು ಇದನ್ನು ನಮ್ಮ ಹೆಡ್‌ ಮಾಸ್ತರರಿಗೆ ಹೇಳಿದೆ. ಅವರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ದಮ್ಮಿನ ರೋಗ ಬೇರೆ. "ಮೇಡಂ, ಒಂದೊಂದು ಪ್ರಶ್ನಿಗಿ ಐದೈದು ಎಣಿಸ್ಕೋತ ಕುಂತ್ರ ಪೋರ್ಷನ್ ಯಾರ್ರೀ ಮುಗಸೋರು?" ಅಂದರು. ಅವರ ಮಾತೂ ಸುಳ್ಳಲ್ಲ. ಆದರೆ ನನಗೆ ಬಳಿಚಕ್ರದ ಹಿಂದಿನ ಸಾಲು ನೆನಪಾಗಿಬಿಟ್ಟಿತ್ತು.

ಅದಕ್ಕೇ ನಾನೊಂದು ಉಪಾಯ ಹೂಡಿದೆ. ಮರುದಿನ ಮಕ್ಕಳಿಗೆ ಹೇಳಿದೆ: "ಇವತ್ತಿಂದ ಪ್ರಶ್ನಿಗೂ ಪಾಳಿ. ಎಲ್ಲರಿಗೂ ಒಂದೊಂದು. ನಿಮ್ಮ ಪಾಳಿ ಬಂದಾಗ ನೀವಷ್ಟ ಹೇಳಬೇಕು. ಇನ್ನೊಬ್ಬರ ಪಾಳಿಗಿ ಯಾರರೆ ಬಾಯಿ ಹಾಕಿದ್ರ ನೋಡ್ರಿ ಮತ್ತ!" ಪಾಳಿ ಅಂದದ್ದೇ ತಡ, ಮಕ್ಕಳು ನೆಟ್ಟಗೆ ಕೂತರು. ಎರಡು ಸಲ ಹೇಳಬೇಕಾಗಲಿಲ್ಲ. ಮುಂದಿನ ಸಾಲಿನ ಬಾಯಿಬಡಕರು ತುಟಿ ಕಚ್ಚಿಕೊಂಡು ಕೂತಿರುವುದನ್ನು ನೋಡಿ ನನಗೆ ಒಳಗೊಳಗೇ ಖುಷಿ. ಪ್ರಶ್ನೆ ಮೊಟ್ಟಮೊದಲ ಸಲ ಹಿಂದಿನ ಸಾಲಿನ ತನಕ ಹರಿಯಿತು.

ಹಿಂದಿನ ಸಾಲಿನ ಕೊನೆಗೆ ಕುರಿಯವರ ಹುಡುಗಿಯೊಬ್ಬಳು ಕೂರುತ್ತಿದ್ದಳು. ಅವಳ ಅಪ್ಪನದು ದೊಡ್ಡ ಕುರಿಹಿಂಡು. ಕಾಲುವೆಯ ಕೊನೆಗೆ ಎರಡೆಕರೆ ಹೊಲವೂ ಇತ್ತು. ಅಪ್ಪ ಅವ್ವ ಹಿಂಡಿನ ಹಿಂದೆ ಊರೂರು ತಿರುಗುವಾಗ ಇವಳು ಸೋದರತ್ತೆಯ ಮನೆಯಲ್ಲಿದ್ದು ಶಾಲೆಗೆ ಬರುತ್ತಿದ್ದಳು. ಮಾತು ಅನ್ನುವುದೇ ಇಲ್ಲ. ಹಾಜರಿ ಕೂಗಿದರೂ ಕೈ ಎತ್ತುವುದಷ್ಟೇ. ಅವಳ ಪಾಳಿ ಬಂದಾಗ ನಾನು ಕೇಳಿದೆ, ಮನಸ್ಸಿನಲ್ಲಿ ಎಣಿಸತೊಡಗಿದೆ. ಐದಾಯಿತು, ಏಳಾಯಿತು. ನಾಲಿಗೆಯ ಮೇಲೆ "ಕುಂದ್ರು" ಬಂದು ನಿಂತಿತ್ತು, ನುಂಗಿಕೊಂಡೆ. ಹನ್ನೊಂದಕ್ಕೆ ಅವಳು ಬಾಯಿ ಬಿಟ್ಟಳು. ಉತ್ತರ ಬರೋಬ್ಬರಿ ಇತ್ತು. ಅಯ್ಯೋ, ಆ ದಿನ ನನಗಾದ ಸಂತೋಷ! ಟಂಟಂನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿಗೂ ಅದನ್ನೇ ಹೇಳಿದೆ, ಪಾಪ, ಅವಳು ಯಾರೋ ಏನೋ.

ಸಂಕ್ರಾಂತಿ ಮುಗಿದ ಮೇಲೆ ಅವಳ ಅಪ್ಪ ಶಾಲೆಗೆ ಬಂದ. ಮೊದಲ ಬೆಳೆ ಕೊಯ್ದ ಗದ್ದೆಗಳಲ್ಲಿ ಅವನ ಕುರಿ ತರುಬಿದ್ದವು, ಹಗಲು ಮೇದು ರಾತ್ರಿ ಅಲ್ಲೇ ಬೀಡುಬಿಡುತ್ತಿದ್ದವು. ಎರಡನೇ ಬೆಳೆಗೆ ಕಾಲುವೆಯ ನೀರು ನಮ್ಮ ಊರ ತನಕ ಬಂದರೆ ಗದ್ದೆ ಬಿಟ್ಟು ಮುಂದೆ ಹೋಗಬೇಕು. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಬಾಗಿಲ ಹೊರಗೇ ನಿಂತು ಹೇಳಿದ: "ಟೀಚರ್ರ, ಈ ಸಲ ಹುಡುಗಿನ್ನ ಸಂಗಾಟ ಕರಕೊಂಡು ಹೋಗ್ತೀನ್ರಿ. ಮರಿ ಭಾಳ ಅದಾವು, ನೋಡಾಕ ಮಂದಿ ಇಲ್ಲ. ಐದು ವರ್ಷ ಸಾಲಿಗಿ ಬಂದಾಳ, ಮನ್ಯಾಗ ಏನರೆ ಕೇಳಿದ್ರ ಗ್ವಾಡಿ ನೋಡ್ತಾಳ. ಬಾಯಿ ಬರಲಾರದಾಕಿಗಿ ಸಾಲಿ ಯಾಕ್ರಿ?"

"ಬಾಯಿ ಬರ್ತದ ಅಣ್ಣಾರ. ಬರೂ ಗುರುವಾರ ಸಾಹೇಬ್ರು ಸಾಲಿ ನೋಡಾಕ ಬರೋರದಾರ, ಊರ ಮಂದಿನೂ ಬರ್ತಾರ. ನೀವೂ ಬರ್ರಿ. ನಿಮ್ಮ ಮುಂದ ಆಕಿ ಉತ್ತರ ಹೇಳ್ತಾಳ" ಅಂದೆ.

"ಹೇಳಿದ್ಲಂದ್ರ ಬಿಟ್ಟು ಹೋಗ್ತೀನ್ರಿ. ಹೇಳ್ಲಿಲ್ಲಂದ್ರ ನಮ್ಮ ಹಿಂಡಿನ ಹಿಂದ ಬರ್ತಾಳ" ಅಂದ. ಹುಡುಗಿ ಕಿಟಕಿಯ ಸರಳು ಹಿಡಿದುಕೊಂಡು ಎಲ್ಲ ಕೇಳುತ್ತಿದ್ದಳು.

ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆ ಅಂದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಶಾಲೆಯ ಪ್ರಶ್ನೆಗಳನ್ನು ಶಾಲೆಯವರೇ ಚೆಂದ ಮಾಡಿ ಬರೆದು ಅವರ ಕೈಗೆ ಕೊಡುವುದು, ಅವರು ಅದನ್ನು ನೋಡಿ ಸಾಲಿನ ಪ್ರಕಾರ ಕೇಳುವುದು, ಎಲ್ಲರೂ ಚಹಾ ಕುಡಿದು ಮನೆಗೆ ಹೋಗುವುದು. ಹೆಡ್‌ ಮಾಸ್ತರರಿಗೆ ನನ್ನ ಪಾಳಿ ಬಹಳ ಹಿಡಿಸಿತು. "ಭಾರಿ ತಲಿ ಓಡಿಸೀರಿ ಮೇಡಂ! ಒಬ್ಬರಿಗೊಂದು ಪ್ರಶ್ನಿ ಗಟ್ಟಿ ಮಾಡಸ್ರಿ. ಸಾಹೇಬ್ರು ಆ ಪಾಳಿ ಪ್ರಕಾರನ ಕೇಳ್ತಾರ. ಒಬ್ಬನೂ ತಪ್ಪಂಗಿಲ್ಲ" ಅಂದರು.

ನಾನು ಒಪ್ಪಿಬಿಟ್ಟೆ. ಯಾಕೆ ಒಪ್ಪಿದೆ ಅಂತ ಈಗ ಯಾರಾದರೂ ಕೇಳಿದರೆ ಸಿಟ್ಟು ಬರುತ್ತದೆ, ಯಾಕೆಂದರೆ ಉತ್ತರ ಸಣ್ಣದು. ನನ್ನ ಪ್ರೊಬೇಷನ್ ಮುಗಿಯುವ ಕಾಗದ ಅದೇ ಸಾಹೇಬರ ಮೇಜಿನ ಮೇಲಿತ್ತು. ಹಿಂದಿನ ಸಾಲಿಗೆ ನೀರು ಹರಿಸಲಿಕ್ಕೆ ತೋಡಿದ ಕಾಲುವೆಯನ್ನು ನಾನೇ ತಿರುಗಿಸಿದೆ. ಒಂದು ವಾರ ಮಕ್ಕಳಿಂದ ತಮ್ಮ ತಮ್ಮ ಪ್ರಶ್ನೆ ಗಟ್ಟಿ ಮಾಡಿಸಿದೆ. ಕುರಿಯವರ ಹುಡುಗಿಗೆ ಕೃಷ್ಣಾ ನದಿಯ ಪ್ರಶ್ನೆ. ಅವಳ ಪಕ್ಕದಲ್ಲಿ ಕೂರುವ ಗೆಳತಿಗೆ, ಮೆಲುಕು ಹಾಕುವ ಪ್ರಾಣಿಗಳು ಯಾವುವು ಅನ್ನುವ ಪ್ರಶ್ನೆ. ಬುಧವಾರ ಸಂಜೆ ಬಾಗಿಲು ಹಾಕಿ ಎಲ್ಲರಿಂದ ಆಣೆ ಮಾಡಿಸಿದೆ: "ಪಾಳಿ ಹಚ್ಚೀವಂತ ಯಾರ ಮುಂದನೂ ಹೇಳಬ್ಯಾಡ್ರಿ. ಮನ್ಯಾಗ ಸೈತ. ಇನ್ನೊಬ್ಬರ ಪ್ರಶ್ನಿ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಪಾಳಿ ಕದ್ದಂಗ." ಕುರಿಯವರ ಹುಡುಗಿ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದಳು. ಹಿಂದಿನ ವರ್ಷ ಅವಳ ಅಪ್ಪನ ಪಾಳಿಯ ನೀರನ್ನು ಮೇಲಿನವರು ಕದ್ದು, ಹೊಲ ಒಣಗಿ, ಪಂಚಾಯಿತಿ ಕೂತಿತ್ತು. ಅದು ನನಗೂ ಗೊತ್ತಿತ್ತು.

ಗುರುವಾರ ಶಾಲೆಗೆ ಹೋದರೆ ಆ ಗೆಳತಿಯೇ ಇಲ್ಲ. ಮೇಲಿನ ಊರುಗಳಿಗೆ ನೀರು ಮೊದಲು ಬಂದು ನಾಟಿ ಶುರುವಾಗಿತ್ತು. ಅವ್ವನ ಜೊತೆ ಸಸಿ ಹಚ್ಚಲು ಹೋಗಿದ್ದಳು. ಅವಳ ಪ್ರಶ್ನೆಯನ್ನು ಹಾಳೆಯಿಂದ ತೆಗೆಯಲು ಹೊರಟೆ. ಆದರೆ ಸಾಹೇಬರ ಜೀಪು ಆಗಲೇ ಗೇಟಿನಲ್ಲಿ. ಆ ಪ್ರಶ್ನೆ ಬಂದರೆ ಹುಡುಗಿ ಬಂದಿಲ್ಲ ಅಂದರಾಯಿತು ಅಂದುಕೊಂಡೆ.

ಸಾಹೇಬರು ಬೆಂಗಳೂರು ಕಡೆಯವರು. ಒಳ್ಳೆಯ ಮನುಷ್ಯ, ಮಕ್ಕಳನ್ನು ನೋಡಿ ನಗುತ್ತಿದ್ದರು. ಹಾಳೆ ಹಿಡಿದು ಮುಂದಿನ ಸಾಲಿನಿಂದ ಶುರು ಮಾಡಿದರು. ಒಂದೊಂದೇ ಪ್ರಶ್ನೆ, ಒಂದೊಂದೇ ಉತ್ತರ, ಒಂದು ಮಣಿಯೂ ತಪ್ಪದ ಸರದ ಹಾಗೆ. ಊರ ಹಿರಿಯರು ಚಪ್ಪಾಳೆ ಹೊಡೆದರು. ಹೆಡ್‌ ಮಾಸ್ತರರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಕುರಿಯವರ ಹುಡುಗಿಯ ಅಪ್ಪ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ. ಸಾಹೇಬರ ಕಣ್ಣು ಅವನ ಮೇಲೆ ಬಿತ್ತು. "ಇವರ ಮಗು ಯಾವುದು?" ಅಂದರು. ಯಾರೋ ತೋರಿಸಿದರು. ಅವರು ಹಾಳೆಯ ಮೇಲೆ ಕಣ್ಣಾಡಿಸಿ ನಕ್ಕರು.

"ನಿಮ್ಮಪ್ಪ ಕುರಿ ಸಾಕ್ತಾರಲ್ವಾ? ಹಾಗಾದ್ರೆ ನಿನಗೊಂದು ಸುಲಭದ ಪ್ರಶ್ನೆ ಕೇಳ್ತೀನಿ. ಮೆಲುಕು ಹಾಕೋ ಪ್ರಾಣಿ ಒಂದರ ಹೆಸರು ಹೇಳಮ್ಮ."

ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಹುಡುಗಿ ಎದ್ದು ನಿಂತಳು. ಸಾಹೇಬರ ಮುಖ ನೋಡಿದಳು, ಪಕ್ಕದ ಖಾಲಿ ಜಾಗ ನೋಡಿದಳು, ನನ್ನನ್ನು ನೋಡಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ತುಟಿ ಅಲುಗಿಸಿ, ನನಗಷ್ಟೇ ಕೇಳುವಂತೆ ಅಂದಳು: "ಟೀಚರ್, ಇದು ಆಕಿ ಪಾಳಿರಿ."

ಹುಟ್ಟಿದಾಗಿನಿಂದ ಕುರಿ ಮೆಲುಕು ಹಾಕುವುದನ್ನು ನೋಡಿದವಳು. ಉತ್ತರ ಅವಳ ಬಾಯಲ್ಲಿತ್ತು. ಆದರೆ ಗೆಳತಿ ಇಲ್ಲದಾಗ ಗೆಳತಿಯ ಪಾಳಿ ಮುಟ್ಟಲು ಅವಳು ತಯಾರಿರಲಿಲ್ಲ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು: "ಹೇಳವ್ವಾ, ಪರವಾಗಿಲ್ಲ." ಅಷ್ಟು ಅಂದರೆ ಅವಳು ಎಲ್ಲರಿಗೂ ಕೇಳುವ ಹಾಗೆ, "ಪಾಳಿ ಆಕಿದಲ್ರಿ?" ಅಂದಾಳು ಅಂತ ಹೆದರಿದೆ. ಪಾಳಿ ಅಂದರೇನು ಅಂತ ಸಾಹೇಬರು ಕೇಳಿಯಾರು, ಒಬ್ಬರಿಗೊಂದೇ ಪ್ರಶ್ನೆ ಗಟ್ಟಿ ಮಾಡಿಸಿದ್ದು ಹೊರಬಿದ್ದೀತು. ಎಣಿಸುವುದೇ ಮರೆತುಹೋಯಿತು. ನನ್ನ ಬಾಯಿಂದ ಬಂದದ್ದು ಹಳೆಯ ಮಾತೇ.

"ಬರಂಗಿಲ್ಲೇನು? ಕುಂದ್ರು."

ಅವಳು ಕೂತಳು. "ಕುರಿಯವರ ಮನೆ ಹುಡುಗಿಗೆ ಕುರಿ ಮೆಲುಕು ಹಾಕುತ್ತೆ ಅಂತ ಗೊತ್ತಿಲ್ವಲ್ಲಪ್ಪ!" ಅಂತ ಸಾಹೇಬರು ನಕ್ಕರು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಹೌದು, ನಾನೂ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಬಾಗಿಲಲ್ಲಿ ಅವಳ ಅಪ್ಪ ಇರಲಿಲ್ಲ. ಸಾಹೇಬರು ಹಾಳೆ ಮಡಚಿ ಚಹಾಕ್ಕೆ ಎದ್ದರು. ಅವಳ ಕೃಷ್ಣಾ ನದಿಯ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ.

ಅವತ್ತು ಸಂಜೆ ಟಂಟಂ ಬಿಟ್ಟು ಗದ್ದೆಯ ಕಡೆ ನಡೆದೆ. ಬಿಸಿಲು ಇನ್ನೂ ಇತ್ತು. ಕುರಿ ಮರಳಿ ಬಂದು ತರುಬಿದ್ದವು, ಮಲಗಿದವೆಲ್ಲ ಮೆಲುಕು ಹಾಕುತ್ತಿದ್ದವು. ನೋಡಿ ನನಗೆ ಕಣ್ಣೆತ್ತಲಾಗಲಿಲ್ಲ. ಹುಡುಗಿ ಒಂದು ಮರಿಗೆ ಹಾಲೂಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆಯೇ. ಅವಳ ಅಪ್ಪ ಕಂಬಳಿ ಹಾಸಿ ಕೂರಿಸಿದ, ನೀರು ಕೊಟ್ಟ. ಆಮೇಲೆ ಕೇಳಿದ.

"ಟೀಚರ್ರ, ಆಕಿಗಿ ಬರ್ತಿತ್ತೇನ್ರಿ ಅದು?"

"ಬರ್ತಿತ್ತು ಅಣ್ಣಾರ."

"ನಾನೂ ಅದ ಅನ್ಕೊಂಡೆ. ಬಂದಾಗಿಂದ ಕೇಳಾಕತ್ತೀನಿ, ಯಾಕ್ ಹೇಳ್ಲಿಲ್ಲ ಅಂತ. ಟೀಚರ್ ಹೇಳಬ್ಯಾಡ ಅಂದಾರ ಅಂತಾಳ, ಅಷ್ಟ. ಮುಂದ ಬಾಯಿ ಬಿಡವಲ್ಲಳು."

ನಾನು ಪಾಳಿಯ ಕತೆಯನ್ನೆಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಒಂದೇ ಕೇಳಿದ: "ಖರೇ ಅಂದ್ರ ನನ್ನ ಮಗಳು ತಪ್ಪು ಮಾಡಿಲ್ಲ. ಆಕಿನ ಬಾಜೂಕ ನೀವ ನಿಂತಿದ್ರಿ. ನೀವ್ಯಾಕ್ರಿ ಸುಮ್ಮಿದ್ರಿ?"

ಕೇಳಿ ಸುಮ್ಮನಾದ. ಅವನಿಗೆ ಯಾರು ಯಾವ ಶಹಾಪುರದಲ್ಲಿ ತರಬೇತಿ ಕೊಟ್ಟಿದ್ದರು? ಉತ್ತರ ತಾನೇ ಹೇಳಿಕೊಡಲಿಲ್ಲ, ಇನ್ನೊಂದು ಪ್ರಶ್ನೆ ಕೇಳಿ ನನ್ನನ್ನು ಪಾರು ಮಾಡಲಿಲ್ಲ, ಬೇರೆ ಕಡೆ ನೋಡಲಿಲ್ಲ. ಕಾದ. ನಾನು ಎದ್ದು ಓಡಲೂ ಆಗದೆ ಕೂರಲೂ ಆಗದೆ ಒದ್ದಾಡಿದೆ. ಕೊನೆಗೆ "ಹೆದರಿದ್ದೆ" ಅಂದೆ.

"ಹೆದರಿಕಿ ಎಲ್ಲರಿಗೂ ಇರ್ತದ್ರಿ" ಅಂದ ಅವನು, ಸಿಟ್ಟಿಲ್ಲದೆ. "ಆದ್ರ ಆಕಿ ಇಜ್ಜತ್ ಎಲ್ಲರ ಮುಂದ ಹೋಗ್ಯಾದ. ಎಲ್ಲರ ಮುಂದನ ಬರಬೇಕು. ನನ್ನ ಮುಂದ ಹೇಳಿದ್ದನ್ನ ಸಾಲ್ಯಾಗ ಪ್ರಾರ್ಥನಾ ಟೈಮಿಗೆ ಹುಡುಗರ ಮುಂದ ಹೇಳ್ರಿ. ಅವು ಮನಿಮನಿಗಿ ಮುಟ್ಟಸ್ತಾವು. ನೀವು ಹೇಳಿದ ದಿನ ಹುಡುಗಿನ್ನ ಬಿಟ್ಟು ಹೋಗ್ತೀನಿ. ನೀರು ಬರೂ ತನಕ ದಿನಾ ಬರ್ತೀನ್ರಿ. ನೀರು ಬಂದ ಮ್ಯಾಲ ನನಗ ನಿಂದ್ರಾಕ ಬರಂಗಿಲ್ಲ."

ಶುಕ್ರವಾರ ಪ್ರಾರ್ಥನೆಗೆ ಮೊದಲೇ ಹೆಡ್‌ ಮಾಸ್ತರರಿಗೆ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಮೇಡಂ, ಸಾಹೇಬ್ರು ಸಾಲಿ ಭಾಳ ಚಲೋ ಅದ ಅಂತ ಬರದು ಹೋಗ್ಯಾರ. ಈಗ ನೀವು ಬಾಯಿ ಬಿಟ್ರಂದ್ರ ಮಾತು ಜಿಲ್ಲಾ ತನಕ ಹೋಗ್ತದ. ನಿಮ್ಮ ನೌಕರಿ ಹೋಗಲಿ, ನನ್ನ ಪೆನ್ಷನ್ನಿಗಿ ಯಾಕ್ರಿ ಕಲ್ಲು ಹಾಕ್ತೀರಿ? ಎರಡು ವರ್ಷ ಉಳದದ, ಮನ್ಯಾಗ ಲಗ್ನಕ್ಕ ಬಂದ ಮಗಳದಾಳ." ಕೈ ಮುಗಿದರು. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ.

ಹೊರಗೆ ಬಂದರೆ ಅಪ್ಪ ಮಗಳು ಗೇಟಿನ ಹೊರಗೆ ನಿಂತಿದ್ದರು. ಅವಳ ಹೆಗಲಲ್ಲಿ ಶಾಲೆಯ ಪಾಟೀಚೀಲ. ಪ್ರಾರ್ಥನೆ ಆಯಿತು, ಪೇಪರಿನ ಸುದ್ದಿ ಓದಿಸಿದ್ದಾಯಿತು. ನಾನು ಮುಂದೆ ಹೋಗಿ ನಿಂತೆ. ಹೆಡ್‌ ಮಾಸ್ತರರು ಕೆಮ್ಮಿದರು. ನಮ್ಮ ಮನೆಯ ಗೋಡೆಯ ಮೇಲಿನ ನೇಮಕಾತಿಯ ಝೆರಾಕ್ಸು, ಅದರ ಗಾಜು ಒರೆಸುವ ನನ್ನ ಅಪ್ಪನ ಕೈ ಕಣ್ಣೆದುರು ಬಂತು. "ಎಲ್ಲಾರೂ ಕ್ಲಾಸಿಗಿ ನಡೀರಿ" ಅಂದುಬಿಟ್ಟೆ. ತಿರುಗಿ ನೋಡಿದರೆ ಗೇಟಿನಲ್ಲಿ ಯಾರೂ ಇರಲಿಲ್ಲ.

ಶನಿವಾರವೂ ಅದೇ. ಅವರು ಬಂದರು, ನಿಂತರು, ಹೋದರು. ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ಬೈಯಬಾರದೇ ಈ ಮನುಷ್ಯ ಅಂತ ನನಗೆ ಅವನ ಮೇಲೇ ಸಿಟ್ಟು ಬಂತು. ತರಗತಿಯಲ್ಲಿ ಬಾಯಿ ತೆರೆದು ಒಂದು ಪ್ರಶ್ನೆ ಕೇಳಲಾಗಲಿಲ್ಲ. ಏನು ಕೇಳಹೊರಟರೂ ಹಿಂದಿನ ಸಾಲಿನ ಕೊನೆಯ ಜಾಗ ಕಾಣುತ್ತಿತ್ತು. ನಾಟಿಯಿಂದ ಮರಳಿ ಬಂದಿದ್ದ ಗೆಳತಿ ಆ ಜಾಗದಲ್ಲಿ ಯಾರನ್ನೂ ಕೂರಗೊಡಲಿಲ್ಲ. ಮೂರು ಪಾಠ ಬೋರ್ಡು ನೋಡಿ ಬರೆಸಿ ದಿನ ತಳ್ಳಿದೆ. ಭಾನುವಾರ ಸುರಪುರದ ಕೋಣೆಯಲ್ಲಿ ನಾಲ್ಕು ಗೋಡೆ ನೋಡುತ್ತ ಕೂತೆ. ಬಳಿಚಕ್ರಕ್ಕೆ ಹೋಗಿ ಅಪ್ಪನನ್ನು ಕೇಳೋಣ ಅನ್ನಿಸಿತು, ಹೋಗಲಿಲ್ಲ. ಅವನು ಹೇಳು ಅಂದರೂ ಕಷ್ಟ, ಬೇಡ ಅಂದರೂ ಕಷ್ಟ.

ಸೋಮವಾರ ಬೆಳಿಗ್ಗೆ ಟಂಟಂ ಇಳಿದಾಗಲೇ ಸದ್ದು ಕೇಳಿಸಿತು. ಶಾಲೆಯ ಹಿಂದಿನ ಹೊಲಗಾಲುವೆಯಲ್ಲಿ ನೀರು. ಕಸ, ಹುಲ್ಲು, ನೊರೆ ತಳ್ಳಿಕೊಂಡು ಕೆಂಪಗೆ ಬರುತ್ತಿತ್ತು. ಊರ ಜನ ದಂಡೆಯ ಮೇಲೆ ನಿಂತು ಖುಷಿಪಡುತ್ತಿದ್ದರು. ನಾನು ದಂಡೆಯ ಕಡೆ ನೋಡದೆ ಗೇಟಿನ ಕಡೆ ನಡೆದೆ.

ರಸ್ತೆಯ ಮೇಲೆ ಹಿಂಡು ಹೊರಟು ನಿಂತಿತ್ತು. ಕುದುರೆಯ ಮೇಲೆ ಸಾಮಾನು, ಬುಟ್ಟಿಯಲ್ಲಿ ಎಳೆಮರಿ, ಹುಡುಗಿಯ ಅವ್ವ ಮುಂದೆ. ಅಪ್ಪ ಗೇಟಿನಲ್ಲಿ. ಅವನ ಕೈ ಮಗಳ ಹೆಗಲ ಮೇಲಿತ್ತು. ಹುಡುಗಿ ಅವತ್ತೂ ಪಾಟೀಚೀಲ ತಂದಿದ್ದಳು. ಕುರಿಯ ಹಿಂದೆ ಹೋಗುವವಳಿಗೆ ಅದು ಯಾಕೆ ಬೇಕಿತ್ತೋ!

ಪ್ರಾರ್ಥನೆ ಮುಗಿಯಿತು. ನಾನು ಮುಂದೆ ಹೋಗಿ ನಿಂತೆ. ಮಕ್ಕಳು ನೋಡಿದರು. ಬಾಯಿ ತೆರೆದೆ, ಮುಚ್ಚಿದೆ. ಮತ್ತೆ ತೆರೆದೆ. ನಾನು ಗೋಡೆ ನೋಡತೊಡಗಿದೆ. ಖರೆ ಹೇಳುತ್ತೇನೆ, ಅಷ್ಟು ದಿನ ಯಾವ್ಯಾವ ಮಕ್ಕಳನ್ನು ಗೋಡೆ ನೋಡುತ್ತೀರಿ ಅಂತ ಬೈದಿದ್ದೆನೋ, ಅವರೆಲ್ಲ ಅಲ್ಲಿ ಏನು ನೋಡುತ್ತಿದ್ದರು ಅಂತ ಆಗ ತಿಳಿಯಿತು. ಅಲ್ಲಿ ಏನೂ ಇಲ್ಲ. ಅಲ್ಲಿ ಮನುಷ್ಯರ ಮುಖ ಇಲ್ಲ, ಅಷ್ಟೇ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಡ್‌ ಮಾಸ್ತರರು ಮೆಲ್ಲಗೆ, "ಸಾಕ್ರಿ ಮೇಡಂ, ಕ್ಲಾಸಿಗಿ ಕಳಸ್ರಿ" ಅಂದರು.

ಗೇಟಿನಿಂದ ಹುಡುಗಿಯ ಅಪ್ಪನ ದನಿ ಕೇಳಿತು. "ನಡಿ ಮಗಳ. ಅವರಿಗಿ ಬರಂಗಿಲ್ಲ."

ಆಗ ಆ ಹುಡುಗಿ, ಹಾ‌ಜರಿ ಕೂಗಿದರೂ ಬಾಯಿ ಬಿಡದ ಆ ಹುಡುಗಿ, ಇಡೀ ಶಾಲೆಗೆ ಕೇಳುವ ಹಾಗೆ ಅಂದಳು:

"ಯಪ್ಪಾ, ಜರಾ ತಡಿ. ಟೀಚರ್ ವಿಚಾರ ಮಾಡಾಕತ್ತಾರ."

ಅಂದು ಸುಮ್ಮನೆ ನಿಂತಳು. ಮುಖದಲ್ಲಿ ಅವಸರವಿಲ್ಲ. ನನಗೆ ಕಣ್ಣು ತುಂಬಿ ಬಂತು, ಅವಳು ಮಸುಕಾದಳು, ಆದರೂ ಅವಳು ನನ್ನನ್ನೇ ನೋಡುತ್ತ ಕಾಯುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಐದಾಯಿತೋ ಹನ್ನೊಂದಾಯಿತೋ, ಅವಳೇ ಬಲ್ಲಳು.

"ಗುರುವಾರ ಸಾಹೇಬ್ರು ಕೇಳಿದ ಪ್ರಶ್ನಿಗಿ ಈಕಿಗಿ ಉತ್ತರ ಬರ್ತಿತ್ತು" ಅಂದೆ. "ಆ ಪ್ರಶ್ನಿ ಈಕಿ ಗೆಳತಿದು. ಇನ್ನೊಬ್ಬರ ಪಾಳಿ ಮುಟ್ಟಬ್ಯಾಡ ಅಂತ ನಾ ಹೇಳಿದ್ದೆ. ಈಕಿ ನನ್ನ ಮಾತು ಕೇಳಿದ್ಲು. ನಾ ಬಾಜೂಕ ನಿಂತು, ನೌಕರಿ ಹೋಗ್ತದಂತ ಹೆದರಿ, ಈಕಿನ್ನ ಕುಂದ್ರು ಅಂದೆ. ಮತ್ತ ನಿಮ್ಮ ಸಂಗಾಟ ನಾನೂ ನಕ್ಕೆ. ತಪ್ಪು ನಂದು."

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ನೋಟಿಸು ಬಂತು, ಪ್ರೊಬೇಷನ್ ಮುಂದಕ್ಕೆ ಹೋಯಿತು, ಮುಂದಿನ ವರ್ಷ ನನ್ನನ್ನು ವಡಗೇರಾದ ಕಡೆಗೆ ಹಾಕಿದರು. ಹೆಡ್‌ ಮಾಸ್ತರರ ಪೆನ್ಷನ್ನಿಗೆ ಏನೂ ಆಗಲಿಲ್ಲ, ಆದರೆ ಅವರು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಆ ಸೋಮವಾರ ಮಾತ್ರ ನನಗೆ ಇದ್ಯಾವುದೂ ತಲೆಗೆ ಬಂದಿರಲಿಲ್ಲ. ನಾನು ಗೇಟು ನೋಡುತ್ತಿದ್ದೆ. ಅಪ್ಪ ಮಗಳ ಹೆಗಲ ಮೇಲಿನ ಕೈ ತೆಗೆದ. ಅವಳು ಒಳಗೆ ಬಂದು, ಗೆಳತಿ ಪಕ್ಕಕ್ಕೆ ಸರಿದು ಬಿಟ್ಟುಕೊಟ್ಟ ಜಾಗದಲ್ಲಿ ನಿಂತಳು.